ಹತ್ತೊಂಬತ್ತು ಮೆಟ್ಟಿಲಿನ ತಾಳ

ಅವಳನ್ನು ಎಲ್ಲರೂ ಕರೆಯುವುದು ಡಬ್ಬಿ ಎಂದು. ಮೂವತ್ನಾಲ್ಕು ವರ್ಷದ ಹೆಂಗಸನ್ನು ಹಾಗೆ ಕರೆಯಬಹುದೇ ಎಂದು ಯಾರಿಗೂ ಅನ್ನಿಸಿಲ್ಲ, ಅವಳಿಗೂ ಅನ್ನಿಸಿಲ್ಲ. ಹೆಸರು ಬಂದದ್ದು ದೊಡ್ಡಮ್ಮನ ಕೆಲಸದಿಂದ. ದೊಡ್ಡಮ್ಮ ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಮಡಿಕೆ ಹಾಕುವವಳು. ಮೂಲೆ ಸೊಟ್ಟಗಾಗಿ ಬೇಡವಾದ ಡಬ್ಬಗಳನ್ನು ಸಂಜೆ ಮನೆಗೆ ತರುತ್ತಿದ್ದಳು, ತಾಯಿಯಿಲ್ಲದ ತಂಗಿಮಗಳು ಆಡಿಕೊಳ್ಳಲಿ ಎಂದು. ಬೇರೆ ಮಕ್ಕಳಾಗಿದ್ದರೆ ಅದರಲ್ಲಿ ಗೊಂಬೆ ಮಲಗಿಸುತ್ತಿದ್ದರು. ಇವಳು ಬೋರಲು ಹಾಕಿ ಬಾರಿಸಿದಳು. ದೊಡ್ಡ ಡಬ್ಬಕ್ಕೆ ಒಂದು ಸದ್ದು, ಸಣ್ಣದಕ್ಕೆ ಇನ್ನೊಂದು, ಮುಚ್ಚಳಕ್ಕೆ ಮತ್ತೊಂದು. ಕೆಳಗಿನ ಮನೆಯವರು ಛಾವಣಿಗೆ ಕೋಲಿನಿಂದ ಕುಟ್ಟಿದರೆ ಅದನ್ನೂ ತಾಳಕ್ಕೆ ಸೇರಿಸಿಕೊಂಡಳು. ಅಪ್ಪನ ಸುದ್ದಿ ಇಲ್ಲಿ ಬೇಡ. ಇದ್ದೂ ಇಲ್ಲದವನ ಬಗ್ಗೆ ಮಾತಾಡಿ ಬಾಯಿ ಯಾಕೆ ನೋಯಿಸಿಕೊಳ್ಳಬೇಕು.

ಶಾಲೆಯಲ್ಲಿ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಬೆಂಚು, ಪುಸ್ತಕ, ಮುಂದೆ ಕೂತವಳ ಬೆನ್ನು, ಏನು ಸಿಕ್ಕರೂ ಸರಿ. ಲೆಕ್ಕದ ಮೇಷ್ಟ್ರು ಹೊಡೆಯುವವರಲ್ಲ, ಆದರೆ ಹೊಡೆತಕ್ಕಿಂತ ಕೆಟ್ಟ ಶಿಕ್ಷೆ ಕಂಡುಹಿಡಿದಿದ್ದರು: ಎರಡು ಕೈಯನ್ನೂ ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂರಬೇಕು. ಹಾಗೆ ಕೂತರೆ ಕೈ ಜೋಮು ಹಿಡಿಯುತ್ತಿತ್ತು, ಸುತ್ತಲಿನವರು ನಗುತ್ತಿದ್ದರು. ಮನೆಗೆ ಬಂದು ಹೇಳಿದರೆ ದೊಡ್ಡಮ್ಮ, "ಅಲ್ಲಿ ಕೂರಿಸಿದ್ರೆ ಕೂತ್ಕೋ. ಇಲ್ಲಿ ಬಾರಿಸು," ಎಂದು ಇನ್ನೊಂದು ಡಬ್ಬ ಮುಂದಿಡುತ್ತಿದ್ದಳು.

ದೊಡ್ಡಮ್ಮನ ಬಲಗಾಲು ಎಡಗಾಲಿಗಿಂತ ಎರಡು ಬೆರಳು ಗಿಡ್ಡ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಬಿಟ್ಟುಹೋದ ಗುರುತು. ಅವರ ಮನೆ ಮಹಡಿಯ ಮೇಲೆ, ಮರದ ಮೆಟ್ಟಿಲು ಹತ್ತೊಂಬತ್ತು. ಸಂಜೆ ಆರಕ್ಕೆ ಕೆಳಗಿನಿಂದ ಆ ಹೆಜ್ಜೆ ಶುರುವಾಗುತ್ತಿತ್ತು: ಧಪ್, ಆಮೇಲೆ ಒಂದು ಚೂರು ತಡ, ಆಮೇಲೆ ಟಕ್. ಮೂರನೆಯ ಮೆಟ್ಟಿಲಿಗೆ ಹುಡುಗಿ ಒಲೆ ಹೊತ್ತಿಸುತ್ತಿದ್ದಳು, ಹತ್ತೊಂಬತ್ತನೆಯದಕ್ಕೆ ಬಾಗಿಲು ತೆಗೆಯುತ್ತಿದ್ದಳು. ಚೀಲ ಭಾರವಿದೆಯೋ ಹಗುರವೋ, ಮೇಲ್ವಿಚಾರಕ ಬೈದಿದ್ದಾನೋ ಇಲ್ಲವೋ, ಎಲ್ಲವೂ ಆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಜಗತ್ತಿನಲ್ಲಿ ಅವಳಿಗೆ ಧೈರ್ಯ ಕೊಡುತ್ತಿದ್ದ ಸದ್ದು ಅದೊಂದೇ.

ಮನೆಯೊಳಗೆ ಮಾತ್ರ. ಬೀದಿಯಲ್ಲಿ ಅದೇ ಸದ್ದು ಕಿವಿಗೆ ಬಿದ್ದರೆ ಅವಳ ಮುಖ ಬಿಸಿಯಾಗುತ್ತಿತ್ತು. ಶಾಲೆಯ ಗೇಟಿನ ಹತ್ತಿರ ಮಕ್ಕಳು "ಕುಂಟಿ ಬಂದ್ಲು, ಕುಂಟಿ ಬಂದ್ಲು" ಎಂದು ಹಾಡು ಕಟ್ಟಿದ್ದರು. ಅದಕ್ಕೇ ಡಬ್ಬಿ ದೊಡ್ಡಮ್ಮನಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದಳು, ತನಗೂ ಆ ಹೆಂಗಸಿಗೂ ಸಂಬಂಧವೇ ಇಲ್ಲ ಎಂಬಂತೆ. ಒಂದು ದಿನ ಹೊಸ ಗೆಳತಿಯೊಬ್ಬಳು, "ಅವ್ರು ಯಾರೇ?" ಎಂದಾಗ, "ಪಕ್ಕದ ಮನೆಯವರು," ಎಂದುಬಿಟ್ಟಳು. ದೊಡ್ಡಮ್ಮ ದೂರದಲ್ಲಿದ್ದಳು, ಕೇಳಿಸಿರಲಿಕ್ಕಿಲ್ಲ ಎಂದುಕೊಂಡಳು. ಅಂದು ರಾತ್ರಿ ತಟ್ಟೆ ಹಾಕಿ ದೊಡ್ಡಮ್ಮ ಕೂಗಿದಳು: "ಏನಮ್ಮಾ, ಪಕ್ಕದ ಮನೆಯವರು ಊಟಕ್ಕೆ ಕರೀತಿದಾರೆ, ಬರ್ತೀಯಾ?" ಅಷ್ಟೇ. ಮುಖದಲ್ಲಿ ಕೋಪವಿಲ್ಲ, ತುಟಿಯಲ್ಲಿ ಸಣ್ಣ ನಗು. ಹುಡುಗಿ ತಟ್ಟೆಯಿಂದ ತಲೆಯೆತ್ತದೆ ಉಂಡಳು. ಅದಾದ ಮೇಲೂ ಹತ್ತು ಹೆಜ್ಜೆ ಮುಂದೆ ನಡೆಯುವುದನ್ನು ಅವಳೇನೂ ಬಿಡಲಿಲ್ಲ.

ಡಬ್ಬ ಬಾರಿಸುವ ಹುಚ್ಚು ಹೊಟ್ಟೆಪಾಡಾಗುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಏಳು ವರ್ಷ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಾಗದ ತುಂಬಿಸಿದ ಮೇಲೆ, ಕಂತಿನಲ್ಲಿ ಕೊಂಡ ಹಳೆಯ ಲ್ಯಾಪ್‌ಟಾಪಿನಲ್ಲಿ ಸಂಗೀತ ಮಾಡುವ ಸಾಫ್ಟ್‌ವೇರ್ ಹಾಕಿಕೊಂಡು ಅವಳು ತಾನೇ ಕಲಿತಳು. ಈಗ ಅವಳ ಕೆಲಸ ಬೀಟ್ ಮಾಡುವುದು. ಕುಣಿಯಲು ಹಾಕುವ ಎಲೆಕ್ಟ್ರಾನಿಕ್ ಸಂಗೀತವಿದೆಯಲ್ಲ, ಅದರ ತಳಪಾಯ. ಒಂದು ನಿಜವಾದ ಡ್ರಮ್ಮನ್ನೂ ಅವಳು ಮುಟ್ಟಿದವಳಲ್ಲ. ಪರದೆಯ ಮೇಲೆ ಒಂದು ಸಾಲಿನಲ್ಲಿ ಹದಿನಾರು ಚೌಕ. ಒಂದು, ಐದು, ಒಂಬತ್ತು, ಹದಿಮೂರನೆಯ ಚೌಕಕ್ಕೆ ದಪ್ಪ ಸದ್ದಿನ ಕಿಕ್ ಇಟ್ಟರೆ ಅದು ಹೌಸ್ ಎಂಬ ಬಗೆಯ ಸಂಗೀತದ ಬುನಾದಿ. ಐದು ಮತ್ತು ಹದಿಮೂರಕ್ಕೆ ಚಪ್ಪಾಳೆ, ನಡುವೆ ತಾಳದ ತಟ್ಟೆಯ ಚಿಕ್‌ಚಿಕ್. ಇದನ್ನೇ ಬಿಗಿ ಮಾಡಿ ಕಪ್ಪು ಬಣ್ಣ ಬಳಿದರೆ ಟೆಕ್ನೋ. ವೇಗ ಹೆಚ್ಚಿಸಿ ಕಿಕ್ಕನ್ನು ಅಲ್ಲಲ್ಲಿ ಮುರಿದರೆ ಡ್ರಮ್ ಅಂಡ್ ಬೇಸ್. ಹೇಳಿದರೆ ಇಷ್ಟೇ. ಅಡುಗೆಗೂ ಉಪ್ಪು ಹುಳಿ ಖಾರ ಎಂದು ಹೇಳಿಬಿಡಬಹುದು.

ಕೆಲಸ ಕೊಡುವವನು ಸ್ಟುಡಿಯೋ ಯಜಮಾನ. ತಲೆಯ ಹಿಂದೆ ಕೂದಲು ಕಟ್ಟುತ್ತಾನಾದ್ದರಿಂದ ಅವನಿಗೆ ಜುಟ್ಟು ಎಂದು ಹೆಸರು. ಮೊದಮೊದಲು ಅವಳ ಬೀಟ್ ಕೇಳಿ ಅವನು ತಲೆ ಕೆರೆದುಕೊಳ್ಳುತ್ತಿದ್ದ.

"ಎಲ್ಲಾ ಸರಿಯಾಗಿದೆ ಡಬ್ಬಿ. ಅದೇ ತೊಂದ್ರೆ. ಇಷ್ಟು ಸರಿಯಾದ್ದೇ ಬೇಕು ಅಂದ್ರೆ ಜನ ಗಡಿಯಾರ ಇಟ್ಕೊಂಡು ಕುಣೀತಾರೆ."

ಅವನ ಮಾತು ಸುಳ್ಳಲ್ಲ. ಸಾಫ್ಟ್‌ವೇರಿನಲ್ಲಿ ಕ್ವಾಂಟೈಜ್ ಎಂಬ ಗುಂಡಿಯಿದೆ. ಅತ್ತಿತ್ತ ಜರುಗಿದ ಸದ್ದನ್ನೆಲ್ಲ ಎಳೆದು ಗೆರೆಯ ಮೇಲೆ ನಿಲ್ಲಿಸುತ್ತದೆ. ಡಬ್ಬಿ ಅದನ್ನು ಕೈಬಿಟ್ಟವಳೇ ಅಲ್ಲ. ಒಂದು ಸದ್ದು ತಡವಾಗಿ ಬಂದರೆ ಯಾರೋ ನೋಡಿ ನಕ್ಕಾರು ಎಂಬ ಭಯ. ಆ ಭಯ ಎಲ್ಲಿಯದು ಎಂದು ಅವಳು ಯೋಚಿಸಿರಲಿಲ್ಲ.

ಒಂದು ಸಂಜೆ ಹೀಗೇ ಒಂದು ಹೌಸ್ ಬೀಟಿನ ಜೊತೆ ಗುದ್ದಾಡುತ್ತಿದ್ದಾಗ, ಕಿವಿಯಿಂದ ಹೆಡ್‌ಫೋನು ತೆಗೆದ ಹೊತ್ತಿಗೆ ಮೆಟ್ಟಿಲಿನ ಮೇಲೆ ದೊಡ್ಡಮ್ಮನ ಹೆಜ್ಜೆ ಕೇಳಿಸಿತು. ಧಪ್, ಒಂದು ಚೂರು ತಡ, ಟಕ್. ಮೂವತ್ತು ವರ್ಷ ಕೇಳಿದ ಸದ್ದು. ಅಂದು ಮಾತ್ರ ಅವಳ ಕತ್ತು ಅದಕ್ಕೆ ತಾನಾಗಿ ತೂಗಿತು. ಮಾರನೆಯ ಸಂಜೆ ಆರಕ್ಕೆ ಐದು ನಿಮಿಷವಿದ್ದಾಗ ಅವಳು ಫೋನನ್ನು ರೆಕಾರ್ಡಿಗೆ ಹಾಕಿ ಮೆಟ್ಟಿಲಿನ ಹಿಡಿಕಂಬಿಯ ಕೆಳಗೆ ಅಂಟುಪಟ್ಟಿಯಿಂದ ಅಂಟಿಸಿ ಬಂದಳು. ದೊಡ್ಡಮ್ಮನಿಗೆ ಹೇಳಲಿಲ್ಲ. ಹೇಳಿದರೆ ನಡಿಗೆ ಬದಲಾಗುತ್ತದೆ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು.

ಆ ಸಾಫ್ಟ್‌ವೇರಿಗೆ ಇನ್ನೊಂದು ವಿದ್ಯೆ ಗೊತ್ತು. ಯಾವ ಸದ್ದಿನ ನಡೆಯನ್ನಾದರೂ ಅಳೆದು, ಆ ಅಳತೆಯನ್ನು ಇನ್ನೊಂದಕ್ಕೆ ಅಂಗಿಯಂತೆ ತೊಡಿಸಬಲ್ಲದು. ದೊಡ್ಡಮ್ಮನ ಎರಡನೆಯ ಹೆಜ್ಜೆ ಎರಡು ಧಪ್‌ಗಳ ಸರಿಯಾಗಿ ನಡುವೆ ಬೀಳದೆ, ಸ್ವಲ್ಪ ತಡವಾಗಿ, ನೂರಕ್ಕೆ ಐವತ್ತೆಂಟರ ಜಾಗದಲ್ಲಿ ಬೀಳುತ್ತಿತ್ತು. ಅದನ್ನು ತನ್ನ ಬೀಟಿಗೆ ತೊಡಿಸಿದಳು. ಸತ್ತಂತೆ ಬಿದ್ದಿದ್ದ ಬೀಟು ಎದ್ದು ಕೂತಿತು, ಸೊಂಟ ಹಿಡಿದು ಎಳೆಯಿತು. ಡಬ್ಬಿ ಕುರ್ಚಿಯಲ್ಲೇ ಕುಣಿದಳು. ಉಳಿಸಲು ಹೋದರೆ, ಹೆಸರು ಕೊಡಿ ಎಂದು ಖಾಲಿ ಪಟ್ಟಿಯೊಂದು ಕಣ್ಣು ಮಿಟುಕಿಸಿತು.

ಈ ಕಸುಬಿನವರು ಕಡತಗಳಿಗೆ ಬಾಯಿಗೆ ಬಂದ ಹೆಸರಿಡುತ್ತಾರೆ. ಅವಳ ಲ್ಯಾಪ್‌ಟಾಪಿನಲ್ಲೇ 'ಬೆಕ್ಕು ಬಿದ್ದದ್ದು', 'ಹಳೆ ಕದ', 'ಅಜ್ಜ ಸೀನಿದ' ಎಂಬುವು ಇದ್ದವು. ಯಾರು ನೋಡುತ್ತಾರೆ ಎಂಬ ಧೈರ್ಯ. ಅವಳೂ ಯೋಚಿಸಲಿಲ್ಲ, ಎರಡು ಸೆಕೆಂಡು ಕೂಡ ಹಿಡಿಯಲಿಲ್ಲ. 'ಕುಂಟಿ' ಎಂದು ಟೈಪು ಮಾಡಿ ಒತ್ತಿದಳು.

ಜುಟ್ಟು ಕೇಳಿ ಎದ್ದುನಿಂತ. "ಇದು! ಇದು ಬೇಕಿತ್ತು ನಂಗೆ! ಎಲ್ಲಿತ್ತೇ ಇದು ಇಷ್ಟು ದಿನ?" ಆ ವರ್ಷ ಅವಳ ಬೀಟುಗಳೆಲ್ಲ ಆ ನಡೆಯಲ್ಲೇ ನಡೆದವು. ಕುಣಿಯುವ ಜಾಗಗಳಲ್ಲಿ, ವ್ಯಾಯಾಮ ಶಾಲೆಗಳಲ್ಲಿ, ಯಾರ್ಯಾರದೋ ಕಾರುಗಳಲ್ಲಿ ದೊಡ್ಡಮ್ಮ ಹತ್ತೊಂಬತ್ತು ಮೆಟ್ಟಿಲು ಹತ್ತುತ್ತಲೇ ಇದ್ದಳು. ಡಬ್ಬಿ ಮತ್ತೆ ಮತ್ತೆ ಫೋನು ಅಂಟಿಸಿದಳು. 'ಕುಂಟಿ ೨' ಬಂತು, 'ಕುಂಟಿ ಚೀಲ', 'ಕುಂಟಿ ಅವಸರ' ಬಂದವು. ಕಾರ್ಖಾನೆಯಲ್ಲಿ ಎರಡೆರಡು ಪಾಳಿ ಮಾಡಿಸುತ್ತಿದ್ದ ವಾರವೊಂದರಲ್ಲಿ ಹೆಜ್ಜೆ ಎಳೆದೆಳೆದು, ನಡುನಡುವೆ ನಿಂತು ಬಂತು. ನಿಧಾನದ ಬೀಟಿಗೆ ಹೇಳಿ ಮಾಡಿಸಿದ ಹಾಗಿತ್ತು. ಅದಕ್ಕೆ 'ಕುಂಟಿ ದಣಿದದ್ದು' ಎಂದು ಹೆಸರಿಟ್ಟಳು.

ಮನೆಯಲ್ಲಿ ದೊಡ್ಡಮ್ಮ ಕೆಲವೊಮ್ಮೆ ಹಿಂದೆ ಬಂದು ನಿಲ್ಲುತ್ತಿದ್ದಳು. "ಏನು ಚೌಕಾಬಾರ ಆಡ್ತಿದೀಯಾ?" ಎಂದು ಆ ಹದಿನಾರು ಚೌಕಗಳನ್ನು ನೋಡುತ್ತಿದ್ದಳು. "ನಂಗೂ ಒಂದು ಸಲ ಕೇಳಿಸೇ." ಡಬ್ಬಿ ಹೆಡ್‌ಫೋನಿನ ತಂತಿ ಸರಿಮಾಡುವ ನೆಪ ಮಾಡಿ, ಆಮೇಲೆ ಎನ್ನುತ್ತಿದ್ದಳು. ಆ ಆಮೇಲೆ ಬರಲೇ ಇಲ್ಲ.

ಬಂದದ್ದು ಒಂದು ಭಾನುವಾರ. ಸ್ಟುಡಿಯೋದ ಹಾಲಿನಲ್ಲಿ ಬೀಟ್ ಹೇಗೆ ಮಾಡುತ್ತಾರೆ ಎಂದು ತೋರಿಸುವ ಕಾರ್ಯಕ್ರಮ ಇಡೋಣ, ತೋರಿಸುವವಳು ನೀನೇ ಎಂದು ಜುಟ್ಟು ಹಟ ಹಿಡಿದ. ಡಬ್ಬಿ ಮನೆಯಲ್ಲಿ ಹೇಳುವಾಗ, "ಬರೀ ಗಲಾಟೆ ದೊಡ್ಡಮ್ಮ, ನಿಂಗೆ ತಲೆನೋವು ಬರುತ್ತೆ," ಎಂದೂ ಸೇರಿಸಿದಳು. ದೊಡ್ಡಮ್ಮ ಹೂಂ ಎಂದಳು. ಕೆಳಗಿನ ಬೀಗದ ಅಂಗಡಿಯವನು ಗೋಡೆಗೆ ಅಂಟಿಸಿದ್ದ ಜಾಹೀರಾತಿನಲ್ಲಿ ತಂಗಿಮಗಳ ಫೋಟೋ ನೋಡಿ, ಜಾಗ, ಹೊತ್ತು ಎಲ್ಲ ಅವನಿಂದಲೇ ಕೇಳಿ ತಿಳಿದುಕೊಂಡಿದ್ದಳು ಎಂಬುದು ಡಬ್ಬಿಗೆ ಆಮೇಲೆ ಗೊತ್ತಾಯಿತು.

ಹಾಲಿನಲ್ಲಿ ನಲವತ್ತು ಕುರ್ಚಿ, ಮರದ ನೆಲ, ಎದುರು ಗೋಡೆಯ ತುಂಬ ಬಿಳಿ ಪರದೆ. ಡಬ್ಬಿಯ ಲ್ಯಾಪ್‌ಟಾಪಿನಲ್ಲಿ ಏನು ಕಾಣುತ್ತದೋ ಅದೆಲ್ಲ ಪರದೆಯ ಮೇಲೆ ಆಳೆತ್ತರ ಕಾಣುವಂತೆ ಜುಟ್ಟು ಏರ್ಪಾಡು ಮಾಡಿದ್ದ. ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಹೋಯಿತು. ಕಿಕ್ ಇಟ್ಟಳು, ಚಪ್ಪಾಳೆ ಇಟ್ಟಳು, ಅದೇ ಸದ್ದುಗಳನ್ನು ಜರುಗಿಸಿ ಹೌಸನ್ನು ಟೆಕ್ನೋ ಮಾಡಿದಳು. ಜನ ಕತ್ತು ತೂಗಿದರು. ಆಮೇಲೆ ಒಬ್ಬ, "ನಿಮ್ಮ ಆ ಫೇಮಸ್ ನಡೆ ತೋರ್ಸಿ," ಎಂದ. ಅವಳು ಕಡತಗಳ ಪಟ್ಟಿ ತೆರೆದಳು.

ತೆರೆದು ತಲೆಯೆತ್ತಿದಾಗ ಕೊನೆಯ ಸಾಲಿನಲ್ಲಿ ನೀಲಿ ಶಾಲು ಕಂಡಿತು. ಪೆಟ್ಟಿಗೆಯ ತಳದಲ್ಲಿಟ್ಟ, ವರ್ಷಕ್ಕೊಮ್ಮೆಯೂ ಹೊರಗೆ ಬಾರದ ಶಾಲು. ದೊಡ್ಡಮ್ಮ ತಲೆಗೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಹೆಮ್ಮೆಯಿಂದ ನೆಟ್ಟಗೆ ಕೂತಿದ್ದಳು. ಅವಳ ಕಣ್ಣು ಡಬ್ಬಿಯ ಮೇಲಿರಲಿಲ್ಲ, ಪರದೆಯ ಮೇಲಿತ್ತು. ದೊಡ್ಡಮ್ಮ ಓದುವುದು ನಿಧಾನ, ತುಟಿ ಅಲ್ಲಾಡಿಸಿಕೊಂಡು ಓದುತ್ತಾಳೆ. ಆ ತುಟಿ ಅಲ್ಲಾಡುತ್ತಿತ್ತು. ಕುಂಟಿ. ಕುಂಟಿ ೨. ಕುಂಟಿ ಚೀಲ. ಕುಂಟಿ ಅವಸರ. ಇಪ್ಪತ್ತಾರು ಸಾಲು, ಒಂದರ ಕೆಳಗೊಂದು.

ಮುಂದಿನ ಸಾಲಿನ ಕನ್ನಡಕದ ಹುಡುಗಿಯೊಬ್ಬಳು ನಗುತ್ತಾ ಕೇಳಿದಳು: "ಯಾರು ಮೇಡಂ ಈ ಕುಂಟಿ?"

ಹಾಲೆಲ್ಲ ನಕ್ಕಿತು. ಡಬ್ಬಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು. ನೆಲ ಅಂಥ ಉಪಕಾರ ಯಾರಿಗೂ ಮಾಡುವುದಿಲ್ಲ. ಅವಳೂ ನಕ್ಕಳು. "ಯಾರೂ ಇಲ್ಲ," ಎಂದಳು. "ತಾಳ ಸ್ವಲ್ಪ ಕುಂಟುತ್ತಲ್ಲ, ಅದಕ್ಕೆ. ಹಾಗೇ ತಮಾಷೆಗೆ ಇಟ್ಟಿದ್ದು."

"ಹೇಗೆ ಹೊಳೀತು ಇದು?"

"ಹಾಗೇ ಬಂತು."

ದೊಡ್ಡಮ್ಮ ಎದ್ದಳು. ಅವಳ ಕುರ್ಚಿ ಬಾಗಿಲಿನಿಂದ ದೂರದ ಮೂಲೆಯಲ್ಲಿತ್ತು, ಹಾಲಿನ ಅಗಲವನ್ನೆಲ್ಲ ದಾಟಿ ಹೋಗಬೇಕು. ನಗು ಆಗಷ್ಟೇ ನಿಂತಿತ್ತು, ಎಲ್ಲರೂ ಬೀಟ್ ಶುರುವಾಗಲಿ ಎಂದು ಸುಮ್ಮನೆ ಕಾಯುತ್ತಿದ್ದರು. ಆ ನಿಶ್ಶಬ್ದದಲ್ಲಿ ಮರದ ನೆಲದ ಮೇಲೆ ಸದ್ದಾಯಿತು. ಧಪ್, ಒಂದು ಚೂರು ತಡ, ಟಕ್. ಧಪ್, ಒಂದು ಚೂರು ತಡ, ಟಕ್. ಹಿಂದಿನ ಸಾಲಿನವನೊಬ್ಬ ಕತ್ತು ತೂಗಲು ಶುರುಮಾಡಿ ನಿಲ್ಲಿಸಿದ. ಜುಟ್ಟು ಬಾಯಿ ತೆರೆದು ನಿಂತ. ಆ ನಡೆಯನ್ನು ಅವನು ಸಾವಿರ ಸಲ ಕೇಳಿದ್ದ. ಒಬ್ಬೊಬ್ಬರಾಗಿ ತಿರುಗಿ ನೋಡಿದರು.

ದೊಡ್ಡಮ್ಮ ನಡುವೆ ನಿಂತುಬಿಟ್ಟಳು. ಹಿಂದಕ್ಕೆ ಹೋಗುವಂತಿಲ್ಲ, ಮುಂದಿಟ್ಟರೆ ಸದ್ದಾಗುತ್ತದೆ. ಆಮೇಲೆ ಅವಳು ಮಾಡಿದ್ದನ್ನು ಡಬ್ಬಿ ಸಾಯುವವರೆಗೆ ಮರೆಯುವಂತಿಲ್ಲ. ಅರುವತ್ತೆರಡು ವರ್ಷದ ಆ ಹೆಂಗಸು ಸದ್ದಾಗದಿರಲಿ ಎಂದು, ಕಳ್ಳತನಕ್ಕೆ ಬಂದವಳಂತೆ, ತುದಿಗಾಲಿನಲ್ಲಿ ನಡೆಯಲು ನೋಡಿದಳು. ಗಿಡ್ಡ ಕಾಲು ಕೇಳಲಿಲ್ಲ.

ಡಬ್ಬಿ ಎದ್ದು ಓಡಿಹೋಗಿ ಕೈ ಹಿಡಿಯಬಹುದಿತ್ತು. ಇವರೇ ನಮ್ಮ ದೊಡ್ಡಮ್ಮ ಎನ್ನಬಹುದಿತ್ತು. ಎರಡೂ ಅವಳಿಗೆ ಹೊಳೆಯಲಿಲ್ಲ. ಈ ಕಸುಬಿನವರಿಗೆ ಗಾಬರಿಯಾದಾಗ ಕೈ ಹೋಗುವುದು ಒಂದೇ ಗುಂಡಿಗೆ. ಆ ಸದ್ದನ್ನು ಮುಚ್ಚಿಹಾಕಬೇಕು, ಹೇಗಾದರೂ ಸರಿ ಎಂದು ಅವಳು ಪ್ಲೇ ಒತ್ತಿದಳು. ನಾಲ್ಕು ದೊಡ್ಡ ಸ್ಪೀಕರುಗಳಿಂದ ಹಾಲು ನಡುಗುವಂತೆ ಬಂದದ್ದು ಅದೇ ನಡೆ. ದೊಡ್ಡಮ್ಮ ತನ್ನದೇ ಹೆಜ್ಜೆಯ ಸದ್ದಿನಲ್ಲಿ, ತನ್ನದೇ ಹೆಜ್ಜೆ ಹಾಕುತ್ತಾ, ಬಾಗಿಲು ದಾಟಿ ಹೋದಳು.

ಕಾರ್ಯಕ್ರಮ ಮುಗಿಸಿ ಡಬ್ಬಿ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ದೊಡ್ಡಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಶಾಲು ಮತ್ತೆ ಪೆಟ್ಟಿಗೆಗೆ ಸೇರಿತ್ತು.

"ಚೆನ್ನಾಗಿ ಮಾತಾಡ್ದೆ," ಎಂದಳು ದೊಡ್ಡಮ್ಮ. ಸ್ವಲ್ಪ ಹೊತ್ತು ಚಾಕುವಿನ ಸದ್ದು. ಆಮೇಲೆ ತಲೆಯೆತ್ತದೆ, "ಅದು ನನ್ನ ಹೆಜ್ಜೆನಾ?"

ಕೇಳಿದ್ದು ಅದೊಂದೇ ಪ್ರಶ್ನೆ. ಹೌದು ಎಂದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಒಂದು ಬೈಗುಳ, ಒಂದು ಅಳು, ಒಂದು ಊಟ.

"ಇಲ್ಲ ದೊಡ್ಡಮ್ಮ."

"ಹಾಗಾದ್ರೆ ಸರಿ," ಎಂದು ದೊಡ್ಡಮ್ಮ ಈರುಳ್ಳಿಯನ್ನು ಪಾತ್ರೆಗೆ ಸರಿಸಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಡಬ್ಬಿ ಆಡಿದ್ದನ್ನು ಅಳಿಸಲು ಹೊರಟಳು. ಸೋಮವಾರ ಬೆಳಿಗ್ಗೆ ದೊಡ್ಡಮ್ಮ ಕೆಲಸಕ್ಕೆ ಹೋದೊಡನೆ ಲ್ಯಾಪ್‌ಟಾಪ್ ತೆರೆದು, ಇಪ್ಪತ್ತಾರು ಕಡತಗಳ ಹೆಸರನ್ನೂ ಒಂದೇ ಏಟಿಗೆ ಬದಲಾಯಿಸಿದಳು. 'ನಡೆ ೧', 'ನಡೆ ೨', ಹೀಗೆ. ಎದೆ ಸ್ವಲ್ಪ ಹಗುರಾಯಿತು. ಮಧ್ಯಾಹ್ನ ಜುಟ್ಟು ಫೋನು ಮಾಡಿದ. "ಏನೇ ಮಾಡ್ದೆ? ಯಾವ ಹಾಡು ತೆಗೆದ್ರೂ ಕೆಂಪು ಅಕ್ಷರ ಬರ್ತಿದೆ!"

ಗಡಿಬಿಡಿಯಲ್ಲಿ ಅವಳು ಮರೆತಿದ್ದಳು, ಆ ಕಡತಗಳನ್ನು ಸ್ಟುಡಿಯೋದ ಕಂಪ್ಯೂಟರೂ ಇಂಟರ್ನೆಟ್ಟಿನ ಮೂಲಕ ಇಲ್ಲಿಂದಲೇ ಎತ್ತಿಕೊಳ್ಳುತ್ತಿತ್ತು. ಈ ಸಾಫ್ಟ್‌ವೇರಿನಲ್ಲಿ ಹಾಡು ತನ್ನೊಳಗೆ ಸದ್ದನ್ನು ಇಟ್ಟುಕೊಂಡಿರುವುದಿಲ್ಲ, ಅದರ ಹೆಸರನ್ನಷ್ಟೇ ನೆನಪಿಟ್ಟುಕೊಂಡಿರುತ್ತದೆ. ಹೆಸರು ಬದಲಾದರೆ ಹುಡುಕಲು ಕೂರುತ್ತದೆ. ಅವಳು ಹಾಡುಗಳನ್ನು ಒಂದೊಂದಾಗಿ ತೆರೆದಳು. ಒಂದೊಂದೂ ಕೇಳಿತು: 'ಕುಂಟಿ' ಸಿಗುತ್ತಿಲ್ಲ. ಎಲ್ಲಿದೆ, ತೋರಿಸಿ. ನಲವತ್ತೊಂದು ಹಾಡು. ನಲವತ್ತೊಂದು ಸಲ ಅವಳು ಆ ಪದ ಓದಿ, ಬೆರಳಿಟ್ಟು ತೋರಿಸಿದಳು. ಎರಡು ದಿನ ಹಿಡಿಯಿತು. ಆಗಲೇ ಬೇರೆಯವರ ಕೈಸೇರಿದ್ದನ್ನು ತಿದ್ದುವಂತೆಯೇ ಇರಲಿಲ್ಲ. ಎಲ್ಲೆಲ್ಲಿಯ ಎಷ್ಟೆಷ್ಟು ಪರದೆಗಳ ಮೇಲೆ ಆ ಹೆಸರು ಕೂತಿದೆಯೋ ದೇವರಿಗೇ ಗೊತ್ತು.

ಗುರುವಾರ ಸಂಜೆ ಅವಳು ಕಿಟಕಿಯ ಬಳಿ ಕೂತು ಕೆಲಸ ಮಾಡುತ್ತಿದ್ದಳು. ಹೆಡ್‌ಫೋನು ಹಾಕಿರಲಿಲ್ಲ. ತಿರುಗಿದರೆ ದೊಡ್ಡಮ್ಮ ಕೋಣೆಯ ನಡುವೆ ನಿಂತಿದ್ದಾಳೆ. ಡಬ್ಬಿ ಚೀರಿದಳು.

"ಹೆದರಿದ್ಯಾ?" ಎಂದಳು ದೊಡ್ಡಮ್ಮ.

ಅವಳ ಕಾಲಲ್ಲಿ ಹೊಸ ಬೂಟು. ಎರಡಕ್ಕೂ ಮೆತ್ತನೆಯ ರಬ್ಬರಿನ ಅಟ್ಟೆ, ಬಲಗಾಲಿನದು ಎರಡು ಬೆರಳು ದಪ್ಪ. ಬೀದಿಯ ಮೂಲೆಯ ಬೂಟು ರಿಪೇರಿಯವನು ಇಪ್ಪತ್ತು ವರ್ಷದಿಂದ ಇಂಥದ್ದು ಮಾಡಿಕೊಡುತ್ತೇನೆ ಎಂದು ಗೋಗರೆಯುತ್ತಿದ್ದ. "ಇರೋ ಕಾಲಿಗೆ ಇಲ್ಲದ ಕಾಲು ಅಂಟಿಸ್ತಾನಂತೆ," ಎಂದು ಅವನನ್ನು ಗೇಲಿ ಮಾಡಿ ಅಟ್ಟುತ್ತಿದ್ದವಳು ಇವಳೇ. ಈಗ ದೊಡ್ಡಮ್ಮ ಒಲೆಯವರೆಗೆ ನಡೆದು ತೋರಿಸಿದಳು. ನೆಟ್ಟಗೆ, ಎರಡೂ ಹೆಜ್ಜೆ ಸಮ, ಸದ್ದಿಲ್ಲ. ಕ್ವಾಂಟೈಜ್ ಗುಂಡಿ ಒತ್ತಿದ ಹಾಗೆ ಎಂದು ಡಬ್ಬಿಗೆ ಅನ್ನಿಸಿತು. ಆ ಹೊತ್ತಿನಲ್ಲೂ ತನಗೆ ಕಸುಬಿನ ಮಾತೇ ಹೊಳೆಯಿತಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು.

ಮುಂದಿನ ಭಾನುವಾರ ಅದೇ ಹಾಲಿನಲ್ಲಿ ಎರಡನೆಯ ಕಂತು. ಡಬ್ಬಿ ಎದ್ದುನಿಂತು, ಲ್ಯಾಪ್‌ಟಾಪ್ ತೆರೆಯುವ ಮೊದಲೇ ಹೇಳಿಬಿಟ್ಟಳು. ಹೋದವಾರ ನಡುವೆ ಎದ್ದುಹೋದವರು ನನ್ನ ದೊಡ್ಡಮ್ಮ. ನನ್ನನ್ನು ಸಾಕಿದವಳು. ನೀವೆಲ್ಲ ಕುಣಿಯುವ ನಡೆ ಅವಳದು, ಕೇಳದೆ ಕದ್ದದ್ದು, ಆ ಹೆಸರಿಟ್ಟದ್ದೂ ನಾನೇ. ಹೇಳುವಾಗ ಕಣ್ಣಲ್ಲಿ ನೀರು ಬಂತು. ಈಗ ಯಾರಾದರೂ ಛೀ ಎನ್ನಲಿ ಎಂದು ಕಾದಳು.

ಜನ ಚಪ್ಪಾಳೆ ತಟ್ಟಿದರು. ಕನ್ನಡಕದ ಹುಡುಗಿ ಕಣ್ಣೊರೆಸಿಕೊಂಡು, "ಎಷ್ಟು ಚೆಂದದ ಕಥೆ ಮೇಡಂ," ಎಂದಳು. ಜುಟ್ಟು ಪಕ್ಕಕ್ಕೆ ಕರೆದು, "ಇದನ್ನ ಮೊದಲೇ ಹೇಳ್ಬಾರ್ದಿತ್ತಾ? ದೊಡ್ಡಮ್ಮನ ಒಂದು ಫೋಟೋ ಕೊಡು, ಬೀಟ್ ಜೊತೆ ಹಾಕೋಣ. ಜನ ಮುಗಿಬೀಳ್ತಾರೆ," ಎಂದ. ತಪ್ಪೊಪ್ಪಿಗೆಗೂ ಮಾರುಕಟ್ಟೆಯಿದೆ ಎಂದು ಅವಳಿಗೆ ಅಂದು ತಿಳಿಯಿತು. ಹೇಳಬೇಕಾದವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಹೇಳಿ, ಅದಕ್ಕೂ ಶಹಭಾಸ್ ಗಿಟ್ಟಿಸಿಕೊಂಡು ಬಂದ ಮುಖವನ್ನು ಎಲ್ಲಿಡಬೇಕೋ ಗೊತ್ತಾಗದೆ ಅವಳು ಬಸ್ಸು ಹತ್ತದೆ ಮನೆಯವರೆಗೂ ನಡೆದಳು.

ದೊಡ್ಡಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ಬೂಟು ಬಿಚ್ಚುತ್ತಿದ್ದಳು. ಹಿಮ್ಮಡಿಯಲ್ಲಿ ಹುಣ್ಣಾಗಿತ್ತು, ಕಾಲುಚೀಲಕ್ಕೆ ರಕ್ತ ಅಂಟಿತ್ತು. ಡಬ್ಬಿ ಬಿಸಿನೀರು ತಂದು, ಬಟ್ಟೆ ಅದ್ದಿ ಒರೆಸಿದಳು. ಒರೆಸಿ ಮುಗಿದ ಮೇಲೆ ಎದುರಿನ ಕುರ್ಚಿಯಲ್ಲಿ ಕೂತಳು. ತನಗೆ ಅರಿವಿಲ್ಲದೆ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡಿದ್ದಳು.

"ಹೌದು ದೊಡ್ಡಮ್ಮ," ಎಂದಳು. "ಅದು ನಿನ್ನ ಹೆಜ್ಜೇನೇ."

"ಗೊತ್ತು ಬಿಡು. ಅರುವತ್ತು ವರ್ಷ ನಡೆದಿದೀನಿ, ನನ್ನ ಸದ್ದು ನಂಗೆ ಗೊತ್ತಾಗಲ್ವಾ?"

"ಆ ಹೆಸರು... ತಪ್ಪಾಯ್ತು ದೊಡ್ಡಮ್ಮ."

"ಹೆಸರಿಗೇನು. ಕುಂಟೀನ ಕುಂಟಿ ಅನ್ನದೆ ಓಟಗಾತಿ ಅಂತಾರಾ?" ದೊಡ್ಡಮ್ಮ ನಗಲು ನೋಡಿದಳು, ನಗು ಪೂರ್ತಿ ಬರಲಿಲ್ಲ.

"ಈ ಬೂಟು ಬೇಡ. ನೋಡು, ಹುಣ್ಣಾಗಿದೆ. ಮೊದಲಿನ ಹಾಗೇ ನಡಿ."

"ಹುಣ್ಣು ಮಾಯುತ್ತೆ. ಆ ನಡಿಗೆ ಈಗ ಊರಿನವರದ್ದಾಯ್ತಲ್ಲ, ಅವ್ರೇ ನಡೀಲಿ." ದೊಡ್ಡಮ್ಮ ಬೂಟನ್ನು ಜೋಡಿಸಿ ಮಂಚದ ಕೆಳಗೆ ಸರಿಸಿದಳು. "ಒಂದು ಕೇಳ್ತೀನಿ. ಅಲ್ಲಿ ಪಟ್ಟೀಲಿ ಇನ್ನೊಂದಿತ್ತು. ದಣಿದದ್ದು ಅಂತ. ಅದು ಯಾವತ್ತಿಂದು?"

"ಎರಡೆರಡು ಪಾಳಿ ಮಾಡಿಸ್ತಿದ್ರಲ್ಲ... ಆ ವಾರದ್ದು."

"ಅಂದ್ರೆ ನಾನು ದಣಿದಿದ್ದು ನಿಂಗೆ ಕೇಳಿಸಿತ್ತು."

"ಹೂಂ."

"ಮೇಲೆ ಕೂತ್ಕೊಂಡು ಕೇಳ್ತಿದ್ದೆ."

"ಹೂಂ."

"ಕೆಳಗೆ ಬಂದು ಚೀಲ ತಗೋಬಹುದಿತ್ತಲ್ಲೇ," ಎಂದಳು ದೊಡ್ಡಮ್ಮ. ಬೈಗುಳದ ದನಿಯಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ ದನಿ.

ಡಬ್ಬಿ ಬಿಸಿನೀರಿನ ಪಾತ್ರೆ ಎತ್ತಿಕೊಂಡು ಎದ್ದಳು.

ಮಾರನೆಯ ಸಂಜೆ ಆರಕ್ಕೆ ಹತ್ತು ನಿಮಿಷವಿದ್ದಾಗ ಅವಳು ಕೆಳಗಿಳಿದು ಮೊದಲ ಮೆಟ್ಟಿಲಿನ ಪಕ್ಕ ನಿಂತಳು. ಫೋನು ಮನೆಯಲ್ಲಿಟ್ಟು ಬಂದಿದ್ದಳು. ಬೀಗದ ಅಂಗಡಿಯವನು, ಏನು ವಿಶೇಷ ಎಂದು ಕೇಳಿದ್ದಕ್ಕೆ ಏನೂ ಇಲ್ಲ ಎಂದಳು. ದೊಡ್ಡಮ್ಮ ಹೊಸ ಬೂಟಿನಲ್ಲಿ, ಹುಣ್ಣಿನ ನೋವಿಗೆ ತುಟಿ ಕಚ್ಚಿಕೊಂಡು, ಸದ್ದಿಲ್ಲದೆ ಬಂದಳು. ಚಾಚಿದ ಕೈಯನ್ನು ನೋಡಿದಳು, ಡಬ್ಬಿಯ ಮುಖ ನೋಡಿದಳು, ಚೀಲ ಕೊಟ್ಟಳು.

"ಭಾರ ಇದೆ, ಜೋಪಾನ."

"ನೀನು ಮೊದಲು ಹತ್ತು ದೊಡ್ಡಮ್ಮ."

"ಇಲ್ಲ, ನೀನೇ ಮುಂದೆ ನಡಿ," ಎಂದಳು ದೊಡ್ಡಮ್ಮ. "ನಿಂಗೆ ಅಭ್ಯಾಸ ಇದೆಯಲ್ಲ."

ಊಟಕ್ಕೆ ಕರೆದ ಅಂದಿನ ಸಣ್ಣ ನಗು ಅವಳ ತುಟಿಯಲ್ಲಿತ್ತೋ ಇಲ್ಲವೋ ಎಂದು ನೋಡುವ ಧೈರ್ಯ ಡಬ್ಬಿಗೆ ಬರಲಿಲ್ಲ. ತಲೆ ತಗ್ಗಿಸಿ ಚೀಲ ಹೊತ್ತು ಹತ್ತತೊಡಗಿದಳು. ಕೇಳಿಸುತ್ತಿದ್ದದ್ದು ಅವಳೊಬ್ಬಳ ಹೆಜ್ಜೆ. ಹಿಂದೆ ದೊಡ್ಡಮ್ಮ ಬರುತ್ತಿದ್ದಾಳೋ ಇಲ್ಲವೋ ಎಂದು ತಿಳಿಯಲು ಹತ್ತೊಂಬತ್ತು ಮೆಟ್ಟಿಲಿಗೂ ತಿರುಗಿ ತಿರುಗಿ ನೋಡಬೇಕಾಯಿತು.